ಕೈಲ್‌ಪೊಳ್ದಿಗೆ ಕೋವಿ ಒಯ್ಯುವವರಿಗೆ

ಆಗಸ್ಟ್ ಮುಗಿಯುತ್ತ ಬಂದಂತೆ ನನಗೆ ಒಂದೇ ಥರದ ಫೋನುಗಳು ಶುರುವಾಗುತ್ತವೆ. "ಅಕ್ಕಾ, ಈ ಸಲ ಕೋವಿಯನ್ನು ಊರಿಗೆ ಒಯ್ಯಬೇಕು. ನೀವು ಹೇಗೆ ಒಯ್ಯುತ್ತೀರಿ?" ಕೇಳುವವರು ಬೆಂಗಳೂರು, ಮೈಸೂರಿನಲ್ಲಿ ನೌಕರಿಗಿರುವ ನಮ್ಮ ಕೊಡಗಿನ ಹುಡುಗರು. ಈಚೆಗೆ ಹುಡುಗಿಯರೂ ಕೇಳುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಕೋವಿ ಕೈಗೆ ಬಂದಿರುತ್ತದೆ, ಊರಿನ ಮನೆಗೆ ಬೀಗ ಬಿದ್ದಿರುತ್ತದೆ. ಬೀಗ ಹಾಕಿದ ಮನೆಯಲ್ಲಿ ಕೋವಿ ಬಿಟ್ಟು ಬರುವಂತಿಲ್ಲ. ನನ್ನ ಕತೆಯೂ ಅದೇ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತಳಾದವಳು ನಾನು. ಅಪ್ಪನ 12 ಬೋರಿನ ಜೋಡಿ ನಳಿಕೆ ಕೋವಿ ನಮ್ಮ ಬನಶಂಕರಿಯ ಫ್ಲ್ಯಾಟಿನ ಉಕ್ಕಿನ ಬೀರುವಿನಲ್ಲಿರುತ್ತದೆ. ವರ್ಷಕ್ಕೊಮ್ಮೆ, ಸೆಪ್ಟೆಂಬರ್ 3ರ ಕೈಲ್‌ಪೊಳ್ದಿಗೆ, ಅಂದರೆ ಆಯುಧ ಪೂಜಿಸುವ ನಮ್ಮ ಕೊಡವರ ಹಬ್ಬಕ್ಕೆ, ಅಮ್ಮತ್ತಿ ಕಡೆಯ ನಮ್ಮ ಮನೆಗೆ ಹೋಗಿ ಬರುತ್ತದೆ.

ಇದಕ್ಕೆ ಈಗಲೂ ಬೇಟೆ ಕೋವಿ ಎಂದೇ ಹೆಸರು. ಅಜ್ಜನ ಕಾಲದಲ್ಲಿ ಬೇಟೆಗೇ ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಮಾತು ಮುಗಿಯಿತು. ಈಗ ತೆಂಗಿನಕಾಯಿಗೆ ಗುಂಡು ಹೊಡೆಯುವುದಕ್ಕೆ, ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಒಂದು ಈಡಿಗೆ, ಅಷ್ಟೇ. ಆದರೆ ದಾರಿಯಲ್ಲಿ ನೋಡುವವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಕಾಡಿನ ಅಂಚಿನಲ್ಲಿ, ರಾತ್ರಿ ಹತ್ತು ಗಂಟೆಗೆ, ಕಾರಿನಲ್ಲಿ ಕೋವಿಯೂ ದೊಡ್ಡ ಟಾರ್ಚೂ ಸಿಕ್ಕರೆ ನಾನು ಫಾರೆಸ್ಟ್ ಗಾರ್ಡ್ ಆಗಿದ್ದರೂ ಇಳಿಸಿ ಕೂರಿಸುತ್ತಿದ್ದೆ. ಹಾಗಾಗಿ ಹಗಲಲ್ಲೇ ಹೋಗಿ. ಹುಡುಕುದೀಪ, ಹೆಡ್‌ಲ್ಯಾಂಪ್ ಏನಿದ್ದರೂ ಮನೆಯಲ್ಲೇ ಬಿಡಿ.

ಮೊದಲು ಕಾಗದ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನು ಹಿಡುವಳಿ ಇರುವವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ನಮ್ಮ ಹುಡುಗರು ಅಷ್ಟನ್ನು ಓದಿ ಎದೆ ಉಬ್ಬಿಸಿಕೊಂಡು ಹೊರಡುತ್ತಾರೆ. ವಿನಾಯಿತಿಗೂ ಒಂದು ಅಳತೆ ಇದೆ: ಜಿಲ್ಲೆಯ ಹೊರಗೆ ವಾಸವಿದ್ದರೂ ಪ್ರಯಾಣದಲ್ಲಿದ್ದರೂ ಒಬ್ಬರ ಬಳಿ ಒಂದು ರೈಫಲ್ ಮತ್ತು 100 ತೋಟಾ, ಒಂದು ನಯನಳಿಕೆಯ (ನಳಿಕೆಯೊಳಗೆ ಗೀರಿಲ್ಲದ) ಕೋವಿ ಮತ್ತು 500 ತೋಟಾ, ಅದಕ್ಕಿಂತ ಹೆಚ್ಚಿಗೆ ಇಲ್ಲ. ಇನ್ನೊಂದು ಮಾತು. ನೀವು ಯಾರು ಎನ್ನುವುದು ಮಂಡ್ಯದ ಪೊಲೀಸರಿಗೆ ಮುಖ ನೋಡಿ ತಿಳಿಯುವುದಿಲ್ಲ. ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರ, ಆಧಾರ್, ಕೋವಿ ಕೊಂಡ ರಸೀತಿ ಇದ್ದರೆ ಅದು, ಇಷ್ಟೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ, ಡ್ಯಾಶ್‌ಬೋರ್ಡಿನಲ್ಲಿ. ಕೋವಿ ಚೀಲದೊಳಗೆ ಕಾಗದ ಇಡಬೇಡಿ. ಕಾಗದ ತೋರಿಸಲು ಚೀಲ ಬಿಚ್ಚಬೇಕಾದರೆ ಅರ್ಧ ಜಗಳ ಅಲ್ಲೇ ಆಯಿತು.

ಲೈಸೆನ್ಸ್ ಮೇಲೆ ಕೋವಿ ಇಟ್ಟುಕೊಂಡ ಬೇರೆಯವರು, ಬೆಳೆ ಕಾಯುವುದಕ್ಕೆಂದು ತೆಗೆದುಕೊಂಡವರು, ಪುಸ್ತಕದಲ್ಲಿ ಯಾವ ಪ್ರದೇಶಕ್ಕೆ ಊರ್ಜಿತ ಎಂದು ಬರೆದಿದೆ ನೋಡಿಕೊಳ್ಳಿ. ಜಿಲ್ಲೆಗೆ ಮಾತ್ರ ಎಂದಿದ್ದರೆ ಜಿಲ್ಲೆ ದಾಟುವ ಮೊದಲು ಅನುಮತಿ ಬೇಕು. ಚುನಾವಣೆಯ ನೀತಿ ಸಂಹಿತೆ ಇರುವ ದಿನಗಳಲ್ಲಿ ಯಾರೇ ಆಗಲಿ, ಠಾಣೆಯಲ್ಲಿ ಕೇಳದೆ ಕೋವಿಯನ್ನು ಮನೆಯಿಂದ ಹೊರಗೆ ತೆಗೆಯಬೇಡಿ.

ಡ್ರೈವರ್ ಕೈಯಲ್ಲೋ ಅಳಿಯನ ಕೈಯಲ್ಲೋ ಕಳಿಸಿಬಿಡುತ್ತೇನೆ ಎನ್ನುವವರಿದ್ದಾರೆ. ಹಾಗೆ ಸುಮ್ಮನೆ ಆಗುವುದಿಲ್ಲ. ಇನ್ನೊಬ್ಬರು ನಿಮ್ಮ ಕೋವಿ ಹಿಡಿಯಬೇಕಾದರೆ ನೀವು ಪಕ್ಕದಲ್ಲಿರಬೇಕು, ಇಲ್ಲವೇ ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ನಿಮ್ಮದೇ ಬಳಕೆಗೋ ಎಂದು ನೀವು ಬರೆದು ಕೊಟ್ಟಿರಬೇಕು. ಬರಹವಿಲ್ಲದೆ ಕೈಗೆ ಕೊಟ್ಟು ಕಳಿಸುವಂತಿಲ್ಲ.

ಇನ್ನು ಕೋವಿ. ಹೊರಡುವ ಹಿಂದಿನ ರಾತ್ರಿ ಊಟವಾದ ಮೇಲೆ, ಟಿವಿ ಆರಿಸಿ, ಒಬ್ಬಳೇ ಕೂತು ಈ ಕೆಲಸ ಮಾಡುತ್ತೇನೆ. ಕೋವಿಯ ನಳಿಕೆ ಬಾಗಿಸಿ ತೆರೆದು, ತೋಟಾ ಕೂರುವ ಎರಡೂ ಕೋಣೆ ಖಾಲಿ ಇದೆಯೇ ಎಂದು ಕಣ್ಣಲ್ಲಿ ನೋಡಿ, ಆಮೇಲೆ ಕಿರುಬೆರಳು ಹಾಕಿ ನೋಡಬೇಕು. ಮುಂದಿನ ಮರದ ತುಂಡು ಕಳಚಿ, ನಳಿಕೆ ಬಿಡಿಸಿ. ಬಿಡಿಸಿದ ನಳಿಕೆಯನ್ನು ತೋಟಾ ಹಾಕುವ ಕಡೆಯಿಂದ ದೀಪಕ್ಕೆ ಹಿಡಿದು ನೋಡಿದರೆ ಎರಡು ಬೆಳಕಿನ ಬಳೆ ಕಾಣಬೇಕು. ಚಿಕ್ಕವಳಿದ್ದಾಗ ಅಪ್ಪ ನನ್ನ ಕೈಯಲ್ಲಿ ಇದನ್ನೇ ಮಾಡಿಸುತ್ತಿದ್ದರು. ಅಂಗಳದ ಸೀಬೆ ಮರ ಕಾಣುತ್ತಾ, ಎಷ್ಟು ಕಾಯಿ ಇದೆ ಹೇಳು, ಎನ್ನುತ್ತಿದ್ದರು. ಎಣಿಸಿ ಹೇಳಿದ ಮೇಲೇ ಕೋವಿ ಚೀಲಕ್ಕೆ ಹೋಗುತ್ತಿತ್ತು. ಬನಶಂಕರಿಯಲ್ಲಿ ಸೀಬೆ ಮರವಿಲ್ಲ, ಟ್ಯೂಬ್‌ಲೈಟ್ ನೋಡುತ್ತೇನೆ.

ಜೋಡಿಸಿದ ಕೋವಿ ನಾಲ್ಕಡಿ ಹತ್ತಿರ ಉದ್ದ. ಯಾವ ಚೀಲದಲ್ಲಿ ಹಾಕಿದರೂ ನೋಡಿದವರಿಗೆ ಕೋವಿಯೇ. ಬಿಡಿಸಿದರೆ ಅತಿ ಉದ್ದದ ತುಂಡು ನಳಿಕೆ, ನನ್ನದು 30 ಇಂಚು. ಅದಕ್ಕೆಂದೇ ಹೊಲಿಸಿದ ಕ್ಯಾನ್ವಾಸ್ ಕವರು ಇದೆ, ಒಳಗೆ ಉಣ್ಣೆ ಬಟ್ಟೆ. ಆ ಕವರನ್ನು ಅಣ್ಣನ ಮಗನ ಹಳೆಯ ಹಾಕಿ ಆಟದ ಕಿಟ್ ಚೀಲದೊಳಗೆ ಇಟ್ಟು ಜಿಪ್ಪಿಗೆ ಸಣ್ಣ ಬೀಗ ಹಾಕುತ್ತೇನೆ. ಕೊಡಗಿಗೆ ಹೊರಟ ಕಾರಿನಲ್ಲಿ ಹಾಕಿ ಚೀಲ ಕಂಡರೆ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ! ಸಾರ್ವಜನಿಕ ಜಾಗದಲ್ಲಿ ಕೋವಿ ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹಿಡಿತದಲ್ಲಿರಬೇಕು ಎಂದು 2016ರ ಶಸ್ತ್ರಾಸ್ತ್ರ ನಿಯಮಗಳೂ ಹೇಳುತ್ತವೆ.

ತೋಟಾ ಬೇರೆ ಡಬ್ಬಿಯಲ್ಲಿ, ಬೇರೆ ಬೀಗ. ಕೋವಿ ಡಿಕ್ಕಿಯಲ್ಲಿದ್ದರೆ ತೋಟಾ ಸೀಟಿನ ಹತ್ತಿರದ ಬ್ಯಾಗಿನಲ್ಲಿ. ಎಷ್ಟು ಬೇಕೋ ಅಷ್ಟೇ ಎಣಿಸಿ ಒಯ್ಯಿರಿ. ನಾನು ಹತ್ತು ಒಯ್ಯುತ್ತೇನೆ, ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಬ್ಯಾಂಕಿನ ಚಟ ಎಂದು ಇವರು ನಗುತ್ತಾರೆ. ನಗಲಿ. ಒಂದು ವರ್ಷ ಹಬ್ಬ ಮುಗಿಸಿ ಬಂದು ಎರಡು ವಾರಕ್ಕೆ ಮಗಳ ಮನೆಗೆ ದೆಹಲಿಗೆ ಹೊರಟಿದ್ದೆ. ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಬಂದು ನಿಂತಿತ್ತು, ಚಳಿಗೆಂದು ಜಾಕೆಟ್ ಹಾಕಿಕೊಂಡರೆ ಒಳಜೇಬಿನಲ್ಲಿ ಒಂದು ತೋಟಾ. ಕೈಕಾಲು ತಣ್ಣಗಾಯಿತು. ಎಕ್ಸ್‌ರೇ ಯಂತ್ರದಲ್ಲಿ ಅದು ಕಂಡಿದ್ದರೆ ಆ ದಿನ ನಾನು ಮಗಳ ಮನೆಯ ಬದಲು ಠಾಣೆಯಲ್ಲಿರುತ್ತಿದ್ದೆ. ಹಬ್ಬದಲ್ಲಿ ಹಾಕಿದ ಜಾಕೆಟ್, ಪ್ಯಾಂಟು, ಕುಪ್ಯದ (ನಮ್ಮ ಗಂಡಸರ ಉದ್ದ ಅಂಗಿ) ಜೇಬು, ವ್ಯಾನಿಟಿ ಬ್ಯಾಗಿನ ತಳ, ಎಲ್ಲವನ್ನೂ ಕೊಡವಿ ನೋಡಿ. ಹಾರಿಸಿದ ಖಾಲಿ ತೋಟಾ ಕೂಡ ಜೇಬಿನಲ್ಲಿ ಉಳಿಯಬಾರದು. ಮೆಟ್ರೋದಲ್ಲೂ ಚೀಲ ಯಂತ್ರದೊಳಗೇ ಹೋಗುವುದು.

ಕೋವಿ ಒಯ್ಯುವುದು ಗುಟ್ಟಾಗಿರಲಿ ಎಂದರೆ ಪೊಲೀಸರಿಂದ ಬಚ್ಚಿಡುವುದು ಎಂದು ತಿಳಿದವರಿದ್ದಾರೆ. ಪೊಲೀಸರಿಗೆ ಎಲ್ಲಕ್ಕಿಂತ ಮೊದಲೇ ಹೇಳಬೇಕು. ಗೊತ್ತಾಗಬಾರದ್ದು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಗುವವರಿಗೆ, ಪಾರ್ಕಿಂಗಿನ ಕಾರು ತೊಳೆಯುವ ಹುಡುಗನಿಗೆ, ಹೋಟೆಲಿನ ಮುಂದೆ ಸುಮ್ಮನೆ ನಿಂತವರಿಗೆ. "ನಾಳೆ ಬೆಳಗ್ಗೆ ಕೋವಿ ಸಮೇತ ಹೊರಡುತ್ತಿದ್ದೇವೆ" ಎಂದು ಇನ್ನೂರು ಜನರಿರುವ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ, ದಮ್ಮಯ್ಯ. ಫೋಟೋ ಹಬ್ಬದ ಮಾರನೇ ವಾರ ಹಾಕಿದರೂ ಚಂದವೇ. ಕಾರಿಗೆ ಮಿಕ್ಕ ಸಾಮಾನೆಲ್ಲ ತುಂಬಿ, ಕಟ್ಟಕಡೆಗೆ, ಹೊರಡುವ ನಿಮಿಷದಲ್ಲಿ ಕೋವಿಯನ್ನು ಮನೆಯಿಂದ ಕೆಳಗೆ ತನ್ನಿ. ಹಿಂದಿನ ರಾತ್ರಿಯೇ ಡಿಕ್ಕಿಯಲ್ಲಿಟ್ಟು ಮಲಗುವುದು ಬೇಡ.

ದಾರಿಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ತಪ್ಪುವವರೇ ಹೆಚ್ಚು. ಹುಣಸೂರು ದಾಟಿದ ಮೇಲೆ ಆನೆಚೌಕೂರು, ತಿತಿಮತಿ ಮೇಲೆ ಗೋಣಿಕೊಪ್ಪಕ್ಕೆ ಹೋಗುವ ರಸ್ತೆ ಚಂದವೂ ಹೌದು, ಹತ್ತಿರವೂ ಹೌದು. ಆದರೆ ಅದು ನಾಗರಹೊಳೆಯ ಕಾಡಿನೊಳಗೆ ಹಾಯುತ್ತದೆ. ಅಭಯಾರಣ್ಯದೊಳಗೆ ಯಾವುದೇ ಆಯುಧ ಒಯ್ಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಮುಂಚೆಯೇ ಬೇಕು, ವನ್ಯಜೀವಿ ಕಾಯ್ದೆಯ 31ನೇ ಕಲಮು. ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ ಪತ್ರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಎರಡೂ ಬೇರೆ ಕಾನೂನು. ನಾನು ಕೋವಿ ಇದ್ದ ದಿನ ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ ಸುತ್ತಿ, ಗುಡ್ಡೆಹೊಸೂರಿನಲ್ಲಿ ತಿರುಗಿ ಸಿದ್ದಾಪುರದ ಮೇಲೆ ಹೋಗುತ್ತೇನೆ. ಒಂದು ಗಂಟೆ ಹೆಚ್ಚಾದರೂ ಮನಸ್ಸಿಗೆ ನೆಮ್ಮದಿ. ಕುಟ್ಟ ಕಡೆಯವರು ನಾಗರಹೊಳೆ ರಸ್ತೆಯನ್ನಾಗಲಿ, ಕೇರಳದ ತೋಲ್ಪೆಟ್ಟಿ ದಾರಿಯನ್ನಾಗಲಿ ಹಿಡಿಯದೆ ಸುತ್ತು ಬಳಸಿಯೇ ಬರಬೇಕು.

ಮದ್ದೂರಿನಲ್ಲಿ ವಡೆ ತಿನ್ನದೆ ಇವರಿಗೆ ಪ್ರಯಾಣವೇ ಆಗುವುದಿಲ್ಲ. ಕೋವಿ ಇದ್ದಾಗ ನಿಯಮ ಇಷ್ಟೇ: ಒಬ್ಬರು ಒಳಗೆ, ಒಬ್ಬರು ಕಾರಿನಲ್ಲಿ. ಒಬ್ಬರೇ ಹೋಗುವುದಾದರೆ ಫ್ಲಾಸ್ಕಿನಲ್ಲಿ ಕಾಫಿ, ಬಾಳೆ ಎಲೆಯಲ್ಲಿ ಇಡ್ಲಿ. ರಾತ್ರಿ ತಂಗಲೇಬೇಕಾದರೆ ಕಾರಿನಲ್ಲಿ ಬಿಡುವುದಂತೂ ಬೇಡವೇ ಬೇಡ. ಲಾಡ್ಜಿನ ಮಂಚದ ಕೆಳಗೆ ಇಡುವುದೂ ನನಗೆ ಸರಿಬರುವುದಿಲ್ಲ. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಅಥವಾ ಠಾಣೆಯಲ್ಲಿ ಜಮಾ ಮಾಡಿ ರಸೀತಿ ಪಡೆಯಬಹುದು. ಕಳುವಾದರೆ ತಡಮಾಡದೆ ಹತ್ತಿರದ ಠಾಣೆಗೆ ಹೋಗಿ. ಕೋವಿಯ ನಂಬರ್ ಕಾಗದದಲ್ಲೂ ಫೋನಿನಲ್ಲೂ ಬರೆದಿಟ್ಟಿರಿ.

ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರೆ ಗಾಜು ಇಳಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಅವರು ಕೇಳುವ ಮೊದಲೇ ಹೇಳಿ: "ಸಾರ್, ಡಿಕ್ಕಿಯಲ್ಲಿ ಕೋವಿ ಇದೆ. ಬಿಡಿಸಿ ಇಟ್ಟಿದ್ದೇನೆ, ಖಾಲಿ ಇದೆ. ಕಾಗದ ಇಲ್ಲಿದೆ." ಅಷ್ಟೇ ಮಾತು. ನೀವಾಗಿ ಇಳಿದು ಚೀಲ ಬಿಚ್ಚಬೇಡಿ, ಅವರು ತೋರಿಸಿ ಎಂದರೆ ತೋರಿಸಿ. ಒಂದು ಸಲ ಜೊತೆಗಿದ್ದ ಅಣ್ಣನ ಮಗ, "ನಾವು ಕೊಡವರು, ನಮಗೆ ಲೈಸೆನ್ಸೇ ಬೇಡ" ಎಂದು ಹಿಂದಿನ ಸೀಟಿನಿಂದ ದನಿ ಏರಿಸಿದ. ಆ ಪೇದೆ ಕೂಡ ಚಿಕ್ಕ ಹುಡುಗ, ಅವನಿಗೂ ಬಿಸಿರಕ್ತ. ಸಬ್ ಇನ್‌ಸ್ಪೆಕ್ಟರ್ ಬರುವವರೆಗೆ ಒಂದೂವರೆ ಗಂಟೆ ಬಿಸಿಲಿನಲ್ಲಿ ಕೂತೆವು. ಅವರು ಬಂದು ಪತ್ರ ನೋಡಿ ಎರಡು ನಿಮಿಷದಲ್ಲಿ ಬಿಟ್ಟರು. ಅಲ್ಲಿಂದ ಕುಶಾಲನಗರದವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ವಿಮಾನದಲ್ಲಿ ಒಯ್ಯುವವರಿಗೆ, ಉದಾಹರಣೆಗೆ ಸ್ಪರ್ಧೆಗೆ ಹೋಗುವವರಿಗೆ, ಸಂಕ್ಷೇಪವಾಗಿ: ಬೀಗ ಹಾಕಿದ ಗಟ್ಟಿ ಪೆಟ್ಟಿಗೆ, ಕೋವಿ ಖಾಲಿ, ಚೆಕ್ ಇನ್ ಸಾಮಾನಿನಲ್ಲಿ ಮಾತ್ರ, ಕೌಂಟರಿನಲ್ಲಿ ಮೊದಲೇ ಹೇಳಿ ಬರೆದುಕೊಡಬೇಕು. ತೋಟಾ ತೂಕ ಒಬ್ಬರಿಗೆ 5 ಕಿಲೋ ಮೀರಬಾರದು. ಎಷ್ಟು ತೋಟಾ, ಎಷ್ಟು ಶುಲ್ಕ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಟಿಕೆಟ್ ತೆಗೆಯುವ ಮೊದಲೇ ಫೋನ್ ಮಾಡಿ, ಮೂರು ಗಂಟೆ ಮುಂಚೆ ಹೋಗಿ.

ಮನೆ ಮುಟ್ಟಿದ ಮೇಲೆ ಚೀಲವನ್ನು ಹಾಗೇ ಮೂಲೆಗಿಡಬೇಡಿ. ಸೆಪ್ಟೆಂಬರಿನ ಕೊಡಗಿನಲ್ಲಿ ಕ್ಯಾನ್ವಾಸ್ ಒಂದೇ ರಾತ್ರಿಯಲ್ಲಿ ತೇವ ಹೀರುತ್ತದೆ, ಬೆಳಗ್ಗೆ ನಳಿಕೆಯ ಮೇಲೆ ಕೆಂಪು ಚುಕ್ಕಿ. ಕೋವಿ ಹೊರತೆಗೆದು ಒರೆಸಿ, ತೆಳ್ಳಗೆ ಕೋವಿ ಎಣ್ಣೆ ಸವರಿ, ಚೀಲವನ್ನು ಒಲೆಯ ಹತ್ತಿರ ಒಣಗಲು ಬಿಡಿ. ಆಮೇಲೆ ಕನ್ನಿ ಕೋಂಬರೆಯಲ್ಲಿ, ಅಂದರೆ ಪೂಜೆಯ ಕೋಣೆಯಲ್ಲಿಟ್ಟು, ತೋಕ್ ಪೂ (ಕೋವಿ ಹೂ) ಸಿಕ್ಕಿಸುವ ಕೆಲಸ ಮಕ್ಕಳಿಗೆ. ತೋಟಾ ಡಬ್ಬಿಯ ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿ.

ವಾಪಸ್ ಬರುವಾಗ ಮತ್ತೊಂದು ತಾಪತ್ರಯ, ಪಂದಿ. ನಾದಿನಿ ಎರಡು ಕಿಲೋ ಹಂದಿ ಮಾಂಸ ಕಟ್ಟಿಕೊಡದೆ ಕಳಿಸುವುದಿಲ್ಲ. ಡಿಕ್ಕಿಯಲ್ಲಿ ಕೋವಿ, ಐಸ್ ಪೆಟ್ಟಿಗೆಯಲ್ಲಿ ಹಸಿ ಮಾಂಸ! ಇದು ಕಾಡುಹಂದಿ ಅಲ್ಲ ಎಂದು ಫಾರೆಸ್ಟ್ ಚೆಕ್‌ಪೋಸ್ಟಿನಲ್ಲಿ ಯಾರು ಒಪ್ಪಿಸುತ್ತಾರೆ? ಹೋದ ವರ್ಷದಿಂದ ಅಂಗಡಿಯ ಬಿಲ್ಲನ್ನೂ ಅದೇ ಪ್ಲಾಸ್ಟಿಕ್ ಫೈಲಿಗೆ ಸೇರಿಸಿದ್ದೇನೆ, ವಿನಾಯಿತಿ ಪತ್ರದ ಹಿಂದೆಯೇ. ನೋಟ್‌ಬುಕ್ಕಿನಲ್ಲಿ ಕೊನೆಯ ಸಾಲು: ಒಯ್ದದ್ದು 10, ಹಾರಿಸಿದ್ದು 6, ಉಳಿದದ್ದು 4, ಖಾಲಿ 6 ವಾಪಸ್. ತೆಂಗಿನಕಾಯಿ ಒಡೆದದ್ದು 1.