ಎಡಗಡೆ ಪುಟ

ಕೆಳಗಿನ ಮನೆ ಆಂಟಿ ಒಂದು ಭಾನುವಾರ ಮೆಟ್ಟಿಲ ಹತ್ತಿರ ಸಿಕ್ಕಿದರು. "ಏನಾದ್ರೂ ನಗೋ ಅಂಥ ಸಿನಿಮಾ ಇದ್ರೆ ಹೇಳಮ್ಮ, ಸುಮ್ನೆ ಕೂತ್ರೆ ತಲೆ ಕೆಡುತ್ತೆ" ಅಂದರು. ಅವರ ಮಾವನವರು ತೀರಿಕೊಂಡು ಆಗಿನ್ನೂ ಒಂದು ತಿಂಗಳು. ನಾನು ಹಿಂದೆ ಮುಂದೆ ನೋಡದೆ ಹೇಳಿದ್ದು 'ತಿಥಿ'.

ಹೆಸರಲ್ಲೇ ಇದೆ, ಅಲ್ವಾ? ಆದರೂ ನನಗೆ ಹೊಳೆಯಲಿಲ್ಲ. 2016ರಲ್ಲಿ ಥಿಯೇಟರಿನಲ್ಲಿ ನೋಡಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ನೋಟ್‌ಬುಕ್ಕಿನಲ್ಲಿ 'ಐದಕ್ಕೆ ಐದು, ಸಖತ್ ನಗು' ಅಂತ ಬರೆದುಕೊಂಡಿದ್ದೆ. ತಲೆಯಲ್ಲಿ ಉಳಿದಿದ್ದೂ ಅಷ್ಟೇ. ಅವರ ಟಿವಿಗೆ ನಾನೇ ಹೋಗಿ ಹಾಕಿಕೊಟ್ಟೆ.

ಸಿನಿಮಾದ ಶುರುವಿನಲ್ಲಿ ಸೆಂಚುರಿ ಗೌಡ ಅನ್ನುವ 101 ವರ್ಷದ ಅಜ್ಜ ಬೀದಿ ಬದಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ. ಸ್ವಲ್ಪ ಹೊತ್ತಿಗೆ ಎದ್ದು ಹೋದವನು ಬಿದ್ದು ಸತ್ತೇ ಹೋಗುತ್ತಾನೆ. ಆಂಟಿ ಟಿವಿ ನೋಡುತ್ತಲೇ, "ನಮ್ಮಾವ್ನೋರೂ ಹೀಗೇ ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ರು" ಅಂದರು. ಆಮೇಲೆ "ಒಲೆ ಮೇಲೆ ಹಾಲಿಟ್ಟಿದೀನಿ" ಅಂತ ಎದ್ದು ಒಳಗೆ ಹೋದರು. ಒಲೆ ಮೇಲೆ ಹಾಲೂ ಇರಲಿಲ್ಲ, ನೀರೂ ಇರಲಿಲ್ಲ. ಅಂಕಲ್ ಮಾತ್ರ ಅಲ್ಲಾಡದೆ ಕೂತು ಪೂರ್ತಿ ನೋಡಿದರು. ನಡುನಡುವೆ ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಯಾವಾಗ ಅಲ್ಲಿಂದ ಏಳುತ್ತೇನೋ ಅನ್ನಿಸಿಬಿಟ್ಟಿತ್ತು.

ಆ ರಾತ್ರಿ ನೋಟ್‌ಬುಕ್ ತೆಗೆದು ನೋಡಿದೆ. ಎಷ್ಟೋ ವರ್ಷದಿಂದ ಓದಿದ್ದು, ನೋಡಿದ್ದು ಎಲ್ಲ ಬರೆದಿಡುವ ಚಟ ನನಗೆ. ಎಲ್ಲ ಕಡೆ ಬರೀ ಅಂಕಿ, ಜೊತೆಗೊಂದು ಹೊಗಳಿಕೆ. 'ನಾಲ್ಕು, ಅದ್ಭುತ.' 'ಮೂರೂವರೆ, ಪರವಾಗಿಲ್ಲ.' ಮೂರೂವರೆಗೂ ನಾಲ್ಕಕ್ಕೂ ನಡುವೆ ಏನಿತ್ತು ಅಂತ ಈಗ ಕೇಳಿದರೆ ಹೇಳೋಕೆ ಆಗಲ್ಲ. ಮೇಷ್ಟ್ರು ಪೇಪರ್ ತಿದ್ದಿದ ಹಾಗೆ ತಿದ್ದಿದ್ದೆ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅನ್ನೋದು ಒಂದು ಕಡೆಯೂ ಇಲ್ಲ.

ಹೊಸ ನೋಟ್‌ಬುಕ್ ತಂದೆ. ಬಲಗಡೆ ಪುಟ ನನಗೆ. ಎಡಗಡೆ ಪುಟ ಖಾಲಿ ಬಿಡುತ್ತೇನೆ. ನಾನು ಹೇಳಿದ್ದನ್ನು ಓದಿದವರು, ನೋಡಿದವರು ವಾಪಸ್ ಬಂದು ಏನಂದರು ಅನ್ನೋದಕ್ಕೆ ಆ ಪುಟ. ಅವರ ಮಾತನ್ನು ತಿದ್ದಲ್ಲ, ಅಂದ ಹಾಗೇ ಬರೆಯುತ್ತೇನೆ.

ಬಲಗಡೆ ಪುಟಕ್ಕೂ ಒಂದು ಕಟ್ಟು ಇದೆ. ಸಿನಿಮಾ ಆದರೆ ಅವತ್ತೇ ರಾತ್ರಿ, ಬೇರೆ ಯಾರ ವಿಮರ್ಶೆಯನ್ನೂ ಓದುವ ಮೊದಲೇ ಬರೆಯಬೇಕು. ಓದಿಬಿಟ್ಟರೆ ಅವರ ಮಾತೇ ನನ್ನ ಬಾಯಿಗೆ ಬಂದು ಕೂರುತ್ತದೆ. ಪುಸ್ತಕ ಆದರೆ ಎಲ್ಲಿ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ ಅನ್ನೋದು ಬರಬೇಕು. ಒಂದು ಪುಸ್ತಕದ ಮುಂದೆ '47ನೇ ಪುಟಕ್ಕೆ ಬಿಟ್ಟೆ, ಅವತ್ತು ಜ್ವರ' ಅಂತಿದೆ. ಅಂಥ ಪುಸ್ತಕಕ್ಕೆ ಚೆನ್ನಾಗಿಲ್ಲ ಅನ್ನುವ ಹಕ್ಕು ನನಗಿಲ್ಲ. 'ಅದ್ಭುತ', 'ನೋಡಲೇಬೇಕು', 'ಮಿಸ್ ಮಾಡ್ಬೇಡಿ' ಈ ಮೂರನ್ನು ಪೂರ್ತಿ ಬಿಟ್ಟೆ. ಮೊದಮೊದಲು ಕೈ ಕಟ್ಟಿದ ಹಾಗಾಯಿತು. ಆಮೇಲೆ ಬೇರೆ ದಾರಿ ಇಲ್ಲದೆ ಕಂಡದ್ದನ್ನೇ ಬರೆಯತೊಡಗಿದೆ.

ಎಡಗಡೆ ಪುಟ ನನಗೆ ಜಾಸ್ತಿ ಕಲಿಸಿದ್ದು ಆಫೀಸಿನ ಒಬ್ಬ ಹುಡುಗನ ವಿಷಯದಲ್ಲಿ. ನಾನು ಪೀಣ್ಯದ ಒಂದು ಫ್ಯಾಕ್ಟರಿಯ ಅಕೌಂಟ್ಸಿನಲ್ಲಿದ್ದೇನೆ. ಬನಶಂಕರಿಯಿಂದ ದಿನಾ ಹಸಿರು ಲೈನ್ ಮೆಟ್ರೋ. ನನ್ನ ಕೈಯಲ್ಲಿ ಯಾವಾಗಲೂ ಪುಸ್ತಕ ನೋಡಿ ಅವನು, "ಮೇಡಂ, ಎಸ್ಸೆಸ್ಸೆಲ್ಸಿ ಆದ್ಮೇಲೆ ಕನ್ನಡ ಓದೇ ಇಲ್ಲ, ಒಂದು ಒಳ್ಳೇದು ಕೊಡಿ" ಅಂದ. ಒಳ್ಳೇದು ಅಂದನಲ್ಲ, ನನಗೆ ಗೊತ್ತಿದ್ದ ಒಳ್ಳೇದನ್ನೇ ಕೊಟ್ಟೆ: 'ಮಲೆಗಳಲ್ಲಿ ಮದುಮಗಳು'. ಕುವೆಂಪು 1967ರಲ್ಲಿ ತಂದ ಕಾದಂಬರಿ, ಇಟ್ಟಿಗೆ ದಪ್ಪ. ಮಲೆನಾಡಿನ ಮಾತು, ಮನೆಗೊಂದು ಕತೆ, ಕತೆಗೆ ಹತ್ತು ಜನ. ಅವನೋ ಹುಟ್ಟಿ ಬೆಳೆದಿದ್ದೆಲ್ಲ ಶ್ರೀರಾಂಪುರದಲ್ಲಿ. ಮೂರು ವಾರ ಬಿಟ್ಟು ವಾಪಸ್ ತಂದ. ಎಡಗಡೆ ಪುಟದಲ್ಲಿ ಅವನ ಮಾತು ಇದೆ: "ಹುಲಿಯ ಅನ್ನೋ ನಾಯಿ ಇಷ್ಟ ಆಯ್ತು ಮೇಡಂ. ಮಿಕ್ಕಿದ್ದು ಯಾರು ಯಾರಿಗೆ ಏನಾಗ್ಬೇಕು ಅಂತ ಗೊತ್ತಾಗ್ಲಿಲ್ಲ."

ಮೊದಲು ಬೇಜಾರಾಯಿತು. ಆ ಸಾಲನ್ನು ಮತ್ತೆ ಓದಿದಾಗ ದಾರಿ ಕಂಡಿತು. ನಾಯಿ ಇಷ್ಟ ಆಗಿದೆ. ಕಾಡು ಬೇಡ ಅಂದಿಲ್ಲ. ಅವನಿಗೆ ಸುಸ್ತಾಗಿದ್ದು ಜನರ ಲೆಕ್ಕ ಇಟ್ಟುಕೊಳ್ಳೋಕೆ. ತೇಜಸ್ವಿಯವರ 'ಕರ್ವಾಲೊ' ಕೊಟ್ಟೆ. 1980ರ ಪುಸ್ತಕ, ತೆಳ್ಳಗಿದೆ, ಬ್ಯಾಗಿನಲ್ಲಿ ಭಾರ ಅನ್ನಿಸಲ್ಲ. ಒಬ್ಬ ವಿಜ್ಞಾನಿ, ಒಬ್ಬ ಮಂದಣ್ಣ, ಜೇನು, ಹಾರುವ ಓತಿ. ಇಲ್ಲೂ ಒಂದು ನಾಯಿ ಇದೆ, ಹೆಸರು ಕಿವಿ. ಕೊಡುವಾಗ ಹೇಳಿದ್ದು ಇಷ್ಟೇ: "ಇದರಲ್ಲೂ ನಾಯಿ ಇದೆ ಕಣೋ." ನಾಲ್ಕನೇ ದಿನ ಸಂಜೆ ಮೆಟ್ರೋದಲ್ಲಿ ಎದುರು ನಿಂತು ಓದುತ್ತಿದ್ದ. ಅವನು ಇಳಿಯಬೇಕಾದ ಶ್ರೀರಾಂಪುರ ದಾಟಿತು. ನಾನೂ ಸುಮ್ಮನಿದ್ದೆ. ಮೆಜೆಸ್ಟಿಕ್ಕಿನಲ್ಲಿ ಜನ ನುಗ್ಗಿದಾಗ ತಲೆ ಎತ್ತಿ ನೋಡಿ, ನಾಲಿಗೆ ಕಚ್ಚಿಕೊಂಡು ಇಳಿದು ಓಡಿದ. (ಶ್ರೀರಾಂಪುರಕ್ಕೂ ಮೊದಲು ಬರುವ ಸ್ಟೇಷನ್ ಹೆಸರು ಕುವೆಂಪು ರಸ್ತೆ. ದೊಡ್ಡ ಪುಸ್ತಕ ಕೊಟ್ಟು ಸೋತಿದ್ದು ಅಲ್ಲಿ ಗಾಡಿ ನಿಂತಾಗಲೆಲ್ಲ ನೆನಪಾಗುತ್ತದೆ.)

ನಮ್ಮ ಬೀದಿಯಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ. ಯಾವ ಪುಸ್ತಕದ ಹೆಸರು ಹೇಳಿದರೂ ಅವರ ಮೊದಲ ಪ್ರಶ್ನೆ, "ಅಕ್ಷರ ದಪ್ಪ ಇದೆಯೇನಮ್ಮಾ?" ಇದನ್ನು ಯಾವ ವಿಮರ್ಶಕರೂ ಬರೆಯಲ್ಲ. ಈಗ ಗಾಂಧಿಬಜಾರಿನ ಅಂಗಡಿಗೆ ಹೋದರೆ ಪುಸ್ತಕವನ್ನು ನಡುವೆ ಬಿಡಿಸಿ ಕೈ ಚಾಚಿ ಹಿಡಿದು ನೋಡುತ್ತೇನೆ. ಸಾಲು ಬಿಡಿ ಬಿಡಿಯಾಗಿ ಕಂಡರೆ ಬಲಗಡೆ ಪುಟದಲ್ಲಿ 'ಮೇಷ್ಟ್ರಿಗೆ ಆಗುತ್ತೆ' ಅಂತ ಒಂದು ಗುರುತು. ಹಳೇ ಮುದ್ರಣ ಆದರೆ ಎಷ್ಟೇ ಒಳ್ಳೇ ಪುಸ್ತಕವಾದರೂ ಅವರಿಗೆ ಹೇಳಲ್ಲ. ಹೇಳಿದರೆ ಹಟಕ್ಕೆ ಓದಿ ತಲೆನೋವು ತರಿಸಿಕೊಳ್ಳುತ್ತಾರೆ.

ಸಿನಿಮಾ ಕತೆ ಎಷ್ಟು ಹೇಳಬೇಕು ಅನ್ನೋದಕ್ಕೆ ನನ್ನ ಅಳತೆ ಇಂಟರ್‌ವಲ್. ಅದರಾಚೆ ಬಾಯಿ ಬಿಡಲ್ಲ. ಬೇಕಾದ್ದು ಮೊದಲರ್ಧದಲ್ಲೇ ಇರುತ್ತದೆ. ಇಲ್ಲದಿದ್ದರೆ ಅದನ್ನೂ ಹೇಳಬೇಕು.

ನಿಧಾನವಾದ ಸಿನಿಮಾ ಹೇಳೋದು ಮಾತ್ರ ಕಷ್ಟ. 'ನಿಧಾನ' ಅಂದರೆ ನಮ್ಮ ಜನ 'ಬೋರು' ಅಂತಲೇ ಕೇಳಿಸಿಕೊಳ್ಳುತ್ತಾರೆ. 'ಘಟಶ್ರಾದ್ಧ'ವನ್ನು ಅಮ್ಮನಿಗೆ ತೋರಿಸುವಾಗ ಪ್ರಶಸ್ತಿ ಬಂದಿದೆ, ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, 1977ರದ್ದು, ಅನಂತಮೂರ್ತಿಯವರ ಕತೆ ಅಂತೆಲ್ಲ ಹೇಳಲಿಲ್ಲ. ಹೇಳಿದ್ದರೆ ಪರೀಕ್ಷೆಗೆ ಕೂತ ಹಾಗೆ ಕೂರುತ್ತಿದ್ದರು. "ಕಪ್ಪು ಬಿಳುಪು ಅಮ್ಮ, ಹಾಡಿಲ್ಲ, ಆ ಚಿಕ್ಕ ಹುಡುಗನ ಮುಖ ನೋಡ್ತಾ ಇರು" ಅಂದೆ. ಹುರುಳಿಕಾಯಿ ಬಿಡಿಸುತ್ತಾ ಶುರು ಮಾಡಿದರು. ಅರ್ಧಕ್ಕೆ ಕೈ ನಿಂತಿತ್ತು. ಮುಗಿದ ಮೇಲೆ ಎಡಗಡೆ ಪುಟಕ್ಕೆ ಸಿಕ್ಕಿದ್ದು ಒಂದೇ ಮಾತು: "ಇಂಥದ್ದನ್ನ ಸಾಯಂಕಾಲ ಹಾಕ್ಬೇಡ, ರಾತ್ರಿ ನಿದ್ದೆ ಬರಲ್ಲ." ಈಗ 'ಬೆಳಗ್ಗೆ ನೋಡುವ ಸಿನಿಮಾ' ಅಂತಲೇ ಒಂದು ಗುರುತು ಮಾಡಿಕೊಂಡಿದ್ದೇನೆ. ಅದರಲ್ಲಿ ಸದ್ಯಕ್ಕೆ ಆರಿವೆ.

'ತಿಥಿ'ಯನ್ನೂ ಹೊಸ ನೋಟ್‌ಬುಕ್ಕಿಗೆ ಮತ್ತೆ ಬರೆದೆ. 'ಮಂಡ್ಯ ಕಡೆಯ ಹಳ್ಳಿ. ನಟನೆ ಕಲಿತವರಲ್ಲ, ಆ ಕಡೆಯ ಜನವೇ ಪಾತ್ರ ಮಾಡಿದ್ದಾರೆ. ಬೈಗುಳ ಜಾಸ್ತಿ, ಮಕ್ಕಳ ಜೊತೆ ಬೇಡ. ಸೆಂಚುರಿ ಗೌಡನ ಮಗ ಗಡ್ಡಪ್ಪನಿಗೆ ಯಾವುದೂ ಅಂಟಲ್ಲ, ಅಪ್ಪ ಸತ್ತದ್ದೂ. ಮನೆಯಲ್ಲಿ ಸಾವಾದವರಿಗೆ ಕೇಳದೆ ಹೇಳಬಾರದು.'

ಎಡಗಡೆ ಪುಟದಲ್ಲಿ ಅಂಕಲ್ ಮಾತು ಮೊದಲೇ ಇತ್ತು: "ಮಕ್ಕಳಿಗೆ ಜಮೀನಿನ ಚಿಂತೆ, ಅಪ್ಪನ ಚಿಂತೆ ಯಾರಿಗೂ ಇಲ್ಲ." ಅದರ ಕೆಳಗೆ ಆಂಟಿಗೆ ಅಂತ ಎರಡು ಸಾಲು ಜಾಗ ಬಿಟ್ಟಿದ್ದೆ. ಹೋದ ವಾರ ಒಗೆದ ಬಟ್ಟೆ ಒಣಹಾಕಲು ಮಹಡಿಗೆ ಬಂದವರು, ತಾವಾಗೇ ಕೇಳಿದರು: "ಅವತ್ತು ಹಾಕಿದ್ಯಲ್ಲ, ಆ ಮುದುಕಪ್ಪನ ಸಿನಿಮಾ. ಆಮೇಲೆ ಏನಾಯ್ತು?"

ಇಂಟರ್‌ವಲ್‌ವರೆಗೆ ಹೇಳಿದೆ.

"ಸರಿ. ವರ್ಷದ್ದು ಮುಗೀಲಿ, ಮಿಕ್ಕಿದ್ದು ನಾನೇ ನೋಡ್ತೀನಿ" ಅಂದು ಕ್ಲಿಪ್ಪಿನ ಡಬ್ಬ ನನ್ನ ಕೈಗೆ ಕೊಟ್ಟರು.