ಗಂಜಿ ಬಿದ್ದ ಮಣ್ಣಿನಲ್ಲಿ ಕಿಣ್ವ ಹುಡುಕುವುದು ಹೇಗೆ?

ಕುಚ್ಚಲಕ್ಕಿ ಅನ್ನ ಬಸಿದ ತಿಳಿಯನ್ನು ಬಾಳೆಬುಡಕ್ಕೆ ಚೆಲ್ಲುವ ಮನೆಗಳು ಉಡುಪಿ ಕಡೆ ಇನ್ನೂ ಇವೆ. ದಿನಾ ಗಂಜಿ ಕುಡಿದ ಮಣ್ಣು ಅದು. ಅಲ್ಲಿನ ಬ್ಯಾಕ್ಟೀರಿಯಾಗಳಿಗೂ ಗಂಜಿಯೇ ಊಟ. ಆದರೆ ಪಿಷ್ಟದ ಅಣು ದೊಡ್ಡದು, ಇಡಿಯಾಗಿ ನುಂಗಲು ಆಗುವುದಿಲ್ಲ. ಅದಕ್ಕೆ ಅವು ಅಮೈಲೇಸ್ ಎಂಬ ಕಿಣ್ವವನ್ನು ಹೊರಗೆ ಬಿಡುತ್ತವೆ. ಅದು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ನೇಯುವಾಗ ನೂಲು ತುಂಡಾಗದಿರಲಿ ಎಂದು ಗಂಜಿ ಹಾಕುತ್ತಾರಲ್ಲ, ಬಣ್ಣಕ್ಕೆ ಮುಂಚೆ ಅದನ್ನು ತೆಗೆಯಲು ಬಟ್ಟೆ ಮಿಲ್‌ಗಳು ಬಳಸುವುದೂ ಅಮೈಲೇಸನ್ನೇ.

ಅರ್ಧ ಕೆಲಸ ಇರುವುದು ಜಾಗ ಆರಿಸುವುದರಲ್ಲಿ. ಕಾಲೇಜು ಪ್ರಾಜೆಕ್ಟಿಗೆ ಗುಡ್ಡದ ಮುರಕಲ್ಲು ಮಣ್ಣು ತಂದು, ಏನೂ ಸಿಗಲಿಲ್ಲ ಎಂದು ಮುಖ ಸಪ್ಪೆ ಮಾಡುವವರಿದ್ದಾರೆ. ಊಟ ಇಲ್ಲದ ಕಡೆ ಜನ ಸೇರುತ್ತಾರಾ? ಮಲ್ಪೆಯಲ್ಲಿ ಮೀನು ಒಣಗಿಸುವ ಜಾಗದ ಮಣ್ಣು ಸಿಕ್ಕರೆ, ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಹುಡುಕಿ. ಸೋಪಿನ ಪುಡಿಯಲ್ಲಿ ರಕ್ತದ ಕಲೆ ಬಿಡಿಸುವ ಕಿಣ್ವ ಅದು. ಆಗ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೆ ಪಿಷ್ಟದ ಬದಲು ಕೆನೆ ತೆಗೆದ ಹಾಲು ಹಾಕಬೇಕು.

ಮೇಲಿನ ಕಸ ಸರಿಸಿ, ನಾಲ್ಕು ಬೆರಳು ಆಳದ ಮಣ್ಣನ್ನು ಸ್ಪಿರಿಟ್‌ನಲ್ಲಿ ಒರೆಸಿದ ಚಮಚದಿಂದ ತೆಗೆಯಿರಿ. ಆಟಿ ತಿಂಗಳ ಜೋರು ಮಳೆಯಲ್ಲಿ ಬೇಡ, ಕೆಸರು ತೂಗುವುದೇ ರಗಳೆ.

ಮುಂದಿನದು ಲ್ಯಾಬಿನ ಕೆಲಸ, ಮನೆಯಲ್ಲಿ ಮಾಡಬೇಡಿ. ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೋ ಮೊದಲೇ ಗೊತ್ತಿರುವುದಿಲ್ಲ.

1 ಗ್ರಾಂ ಮಣ್ಣನ್ನು 9 ಎಂಎಲ್ ಸ್ಟೆರೈಲ್ (ಯಾವ ಜೀವಾಣುವೂ ಇಲ್ಲದ) ನೀರಿಗೆ ಹಾಕಿ ಕಲಕಿ. 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಇಡಿ. ಮೆದು ಜೀವಿಗಳು ಸಾಯುತ್ತವೆ, ಬೀಜಕ ಎಂಬ ಗಟ್ಟಿ ಕವಚ ಕಟ್ಟಿಕೊಂಡ ಬ್ಯಾಸಿಲಸ್ ಜಾತಿಯವು ಉಳಿಯುತ್ತವೆ. ನಮಗೆ ಬೇಕಾದವೂ ಅವೇ. ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನ ಅಮೈಲೇಸ್ 90 ಡಿಗ್ರಿ ಬಿಸಿಯಲ್ಲೂ ಕೆಲಸ ಮಾಡುತ್ತದೆ.

ಇದರಲ್ಲಿ 1 ಎಂಎಲ್ ತೆಗೆದು ಇನ್ನೊಂದು 9 ಎಂಎಲ್‌ಗೆ ಹಾಕಿ. ಹೀಗೇ ಐದನೇ ಟ್ಯೂಬಿನವರೆಗೆ ತೆಳು ಮಾಡುತ್ತಾ ಹೋಗಿ. ಕೊನೆಯ ಮೂರು ಟ್ಯೂಬುಗಳಿಂದ 0.1 ಎಂಎಲ್‌ನಂತೆ ಪಿಷ್ಟ ಬೆರೆಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಪ್ಲೇಟುಗಳ ಮೇಲೆ ಹರಡಿ, 37 ಡಿಗ್ರಿಯಲ್ಲಿ ಒಂದೆರಡು ದಿನ ಬಿಡಿ.

ಎದ್ದ ಬ್ಯಾಕ್ಟೀರಿಯಾ ಗುಂಪಿನ ಚುಕ್ಕೆಗಳನ್ನು ಮೊದಲು ಇನ್ನೊಂದು ಪ್ಲೇಟಿಗೆ ನಕಲು ಮಾಡಿಕೊಳ್ಳಿ. ಇದನ್ನು ಮರೆಯುವವರೇ ಜಾಸ್ತಿ. ಅಯೋಡಿನ್ ಸುರಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆಮೇಲೆ ತಲೆ ಮೇಲೆ ಕೈ! ನಕಲಾದ ಮೇಲೆ ಅಯೋಡಿನ್ ಸುರಿಯಿರಿ. ಪ್ಲೇಟು ಕಡುನೀಲಿಗೆ ತಿರುಗುತ್ತದೆ. ಪಿಷ್ಟ ಕರಗಿದ ಕಡೆ ಮಾತ್ರ ಚುಕ್ಕೆಯ ಸುತ್ತ ಬಳೆಯಂತೆ ಬಣ್ಣವಿಲ್ಲದ ಜಾಗ ಕಾಣುತ್ತದೆ.

ದೊಡ್ಡ ಬಳೆ ಕಂಡ ಕೂಡಲೇ ಮರುಳಾಗಬೇಡಿ. ಬಳೆಯ ಒಂದು ಹೊರ ಅಂಚಿನಿಂದ ಇನ್ನೊಂದು ಹೊರ ಅಂಚಿನವರೆಗಿನ ಅಗಲವನ್ನು ಚುಕ್ಕೆಯ ಅಗಲದಿಂದ ಭಾಗಿಸಿ. 10 ಎಂಎಂ ಚುಕ್ಕೆಗೆ 22 ಎಂಎಂ ಬಳೆ ಇದ್ದರೆ 2.2 ಆಯಿತು. 4 ಎಂಎಂ ಚುಕ್ಕೆಗೆ 20 ಎಂಎಂ ಬಳೆ ಇದ್ದರೆ 5. ಮೊದಲು ಎತ್ತಿಕೊಳ್ಳಬೇಕಾದ್ದು ಈ ಸಣ್ಣದನ್ನೇ ಅಲ್ವಾ? ನಕಲು ಪ್ಲೇಟಿನಿಂದ ಅದನ್ನು ತೆಗೆದು ಬೇರೆಯಾಗಿ ಬೆಳೆಸಿ. ಉಳಿದ ಪ್ಲೇಟುಗಳನ್ನು ಆಟೋಕ್ಲೇವ್‌ನಲ್ಲಿ (ಕುಕ್ಕರಿನಂಥ ಲ್ಯಾಬಿನ ಹಬೆ ಪಾತ್ರೆ) 121 ಡಿಗ್ರಿಗೆ ಕಾಯಿಸಿಯೇ ಎಸೆಯಿರಿ.