ಕಾಡ್ಗಿಚ್ಚಿಗೆ ಸುಟ್ಟ ಬೆಟ್ಟದ ನೆತ್ತಿಯ ಮೇಲೆ, ಚಳಿಗಾಲದ ಕೊನೆಯಲ್ಲಿ

ಕಾಡು ಸುಟ್ಟುಹೋದ ಬೆಟ್ಟಸಾಲು ದೂರದಿಂದ ನೋಡಿದರೆ ನಡೆಯಲು ಸಲೀಸು ಅನ್ನಿಸುತ್ತದೆ. ಪೊದೆಗಳ ಕಾಟವಿಲ್ಲ, ತಲೆಯ ಮೇಲೆ ಎಲೆಯ ಚಪ್ಪರವಿಲ್ಲ, ಹೋಗಬೇಕಾದ ರಿಡ್ಜ್ (ಬೆಟ್ಟದ ನೆತ್ತಿಯ ಉದ್ದನೆಯ ಏಣು) ಉದ್ದಕ್ಕೂ ಕಣ್ಣಿಗೆ ಬೀಳುತ್ತದೆ. ಮೋಸ ಇರುವುದೇ ಈ ಬಯಲಿನಲ್ಲಿ. ಸತ್ತ ಮರಗಳು ಇನ್ನೂ ನಿಂತೇ ಇರುತ್ತವೆ, ಗಾಳಿಗೆ ತಡೆಯೇ ಇರುವುದಿಲ್ಲ, ಹಿಮದಡಿ ಬೇರು ಸುಟ್ಟ ಗುಳಿಗಳು ಅಡಗಿರುತ್ತವೆ, ಬೆಳಗ್ಗೆ ಕಲ್ಲಿನಂತಿದ್ದ ಹಿಮ ಮಧ್ಯಾಹ್ನಕ್ಕೆ ಗಂಜಿಯಾಗುತ್ತದೆ. ಹಾಗಾಗಿ ಇಲ್ಲಿ ಎಷ್ಟು ಕಿಲೋಮೀಟರ್ ಎಂಬುದಕ್ಕಿಂತ ಗಾಳಿ ಎಷ್ಟಿದೆ, ಗಂಟೆ ಎಷ್ಟಾಯಿತು ಎಂಬುದೇ ಮುಖ್ಯ.

ಬೆಂಕಿ ಬಿದ್ದು ಎಷ್ಟು ವರ್ಷವಾಯಿತು?

ಹೊರಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಆ ಪ್ರದೇಶ ನೋಡಿಕೊಳ್ಳುವ ಅರಣ್ಯ ಅಥವಾ ಉದ್ಯಾನ ಕಚೇರಿಯಲ್ಲಿ ಬೆಂಕಿಯ ವರ್ಷ, ಸುಟ್ಟ ತೀವ್ರತೆಯ ನಕ್ಷೆ, ದಾರಿ ತೆರೆದಿದೆಯೇ ಎಂಬ ಮೂರೂ ಮಾಹಿತಿ ಸಾಮಾನ್ಯವಾಗಿ ಸಿಗುತ್ತದೆ. ಮುಚ್ಚಿದ್ದರೆ ಹೋಗಬೇಡಿ. ಮುಚ್ಚಲು ಕಾರಣ ಬಹುಪಾಲು ಬೀಳುವ ಮರ, ಇಲ್ಲವೇ ಕುಸಿಯುವ ಇಳಿಜಾರು.

ಬೆಂಕಿಯ ನಂತರದ ಮೊದಲ ಚಳಿಗಾಲದಲ್ಲಿ ಬುಡ ಸುಟ್ಟ ಮರಗಳು ಬೀಳುತ್ತವೆ, ಉಳಿದವು ತಕ್ಕಮಟ್ಟಿಗೆ ಗಟ್ಟಿ. ದಪ್ಪ ಎಲೆಗೊಬ್ಬರ ಅಥವಾ ಪೀಟ್ ಮಣ್ಣಿದ್ದ (ಅರೆಕೊಳೆತ ಸಸ್ಯಗಳ, ಉರಿಯಬಲ್ಲ ಮಣ್ಣು) ಕಡೆ ಬೆಂಕಿ ಹಿಮದಡಿಯಲ್ಲೂ ಹೊಗೆಯಾಡುತ್ತಾ ಉಳಿಯಬಹುದು. ಸುತ್ತ ಹಿಮವಿದ್ದು ಒಂದೇ ಕಡೆ ಬೆಚ್ಚಗಿನ ಒದ್ದೆ ಮಣ್ಣು, ಸುಟ್ಟ ವಾಸನೆ ಕಂಡರೆ ಅಲ್ಲಿಗೆ ಕಾಲಿಡಬೇಡಿ. ಕೆಲವು ವರ್ಷ ಕಳೆದ ಮೇಲೆ ಬೇರುಗಳು ಕೊಳೆತು, ಮರಗಳು ಗುಂಪುಗುಂಪಾಗಿ ಉರುಳತೊಡಗುತ್ತವೆ. ತೆಳ್ಳನೆಯವು ಮೊದಲು, ದಪ್ಪನೆಯವು ಆಮೇಲೆ. ಕೆಲವು ದಪ್ಪ ಮರಗಳು ದಶಕಗಟ್ಟಲೆ ನಿಲ್ಲುವುದೂ ಉಂಟು. ಇನ್ನೂ ಹಳೆಯ ಬೆಂಕಿಯಾದರೆ ಅಪಾಯ ತಲೆಯ ಮೇಲಿಂದ ಕಾಲಡಿಗೆ ಇಳಿದಿರುತ್ತದೆ: ಅಡ್ಡಾದಿಡ್ಡಿ ಬಿದ್ದ ದಿಮ್ಮಿಗಳು, ನಡುವೆ ಸೊಂಟದೆತ್ತರದ ಹೊಸ ಸಸಿಗಳು, ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ಅದೃಷ್ಟ.

ಹೊಸದಾಗಿ ಸುಟ್ಟ ಇಳಿಜಾರಿನಲ್ಲಿ ಮಳೆ ಮುನ್ಸೂಚನೆ ಇದ್ದರೆ ಕಾರ್ಯಕ್ರಮವನ್ನೇ ಕೈಬಿಡಿ. ಸುಟ್ಟ ಸಸ್ಯಗಳಿಂದ ಹೊಮ್ಮಿದ ಮೇಣದಂಥ ಪದಾರ್ಥ ಮಣ್ಣಿನ ಕಣಗಳಿಗೆ ಅಂಟಿ ನೀರು ಇಂಗದಂತೆ ಮಾಡುತ್ತದೆ. ಬಿದ್ದ ಮಳೆಯೆಲ್ಲ ಕಲ್ಲು, ಕೆಸರು, ದಿಮ್ಮಿಗಳನ್ನು ಎಳೆದುಕೊಂಡು ಕೊರಕಲಿಗೆ ನುಗ್ಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2017ರ ಡಿಸೆಂಬರಿನ ಥಾಮಸ್ ಕಾಡ್ಗಿಚ್ಚಿನ ಬೆನ್ನಿಗೇ 2018ರ ಜನವರಿ 9ರಂದು ಮೊಂಟೆಸಿಟೊದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಬಲಿ ಪಡೆದದ್ದು ಇಂಥದ್ದೇ ಕೆಸರುಪ್ರವಾಹ. ರಿಡ್ಜ್ ನೆತ್ತಿಯ ಮೇಲಿದ್ದವರಿಗೆ ಇದು ತಟ್ಟುವುದು ಕಡಿಮೆ. ಬೇಗ ಇಳಿಯಲೆಂದು ಕೊರಕಲಿನ ಅಡ್ಡದಾರಿ ಹಿಡಿದವರೇ ಸಿಕ್ಕಿಬೀಳುತ್ತಾರೆ.

ಸಮಯದ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಒಳ್ಳೆಯ ಆರಂಭ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿ.ಮೀ. ದೂರ, 600 ಮೀಟರ್ ಏರು ಇದ್ದರೆ ಸುಮಾರು 3 ಗಂಟೆ 25 ನಿಮಿಷ. ಆದರೆ ಇದು ಒಳ್ಳೆಯ ದಾರಿಯ, ವಿರಾಮವಿಲ್ಲದ ಲೆಕ್ಕ. ಹಿಮ ಮತ್ತು ಬಿದ್ದ ಮರಗಳಿರುವಲ್ಲಿ ಅದನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿ. ಐದರಿಂದ ಏಳು ಗಂಟೆ ಆಗುತ್ತದೆ. ಬೆಳಕು ಹರಿಯುವ ಮೊದಲೇ ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಟು, ಬಿಸಿಲು ಬೀಳುವ ಇಳಿಜಾರುಗಳನ್ನು ಮಧ್ಯಾಹ್ನ ಹನ್ನೆರಡರೊಳಗೆ ದಾಟಿಬಿಡಿ. ಹಿಂತಿರುಗುವ ಗಂಟೆಯನ್ನು ಮನೆಯಲ್ಲೇ ನಿಗದಿ ಮಾಡಿ ಒಬ್ಬರಿಗೆ ಹೇಳಿಹೋಗಿ. ತುದಿ ಕಣ್ಣೆದುರೇ ಇದ್ದಾಗ ಆ ನಿರ್ಧಾರ ಮಾಡಲು ಹೋದರೆ ಯಾರೂ ಸರಿಯಾಗಿ ಮಾಡುವುದಿಲ್ಲ.

ಬೇಗ ಹೊರಡಲು ಇನ್ನೊಂದು ಕಾರಣವೂ ಇದೆ. ಮರದ ನೆರಳು ಹೋದದ್ದರಿಂದ ಹಿಮಕ್ಕೆ ಬಿಸಿಲು ನೇರ ತಗಲುತ್ತದೆ. ಮೇಲಿಂದ ಉದುರುವ ಇದ್ದಿಲ ಚೂರುಗಳು ಹಿಮವನ್ನು ಕಪ್ಪಾಗಿಸಿ ಇನ್ನಷ್ಟು ಶಾಖ ಎಳೆದುಕೊಳ್ಳುತ್ತವೆ. ಹಾಗಾಗಿ ಪಕ್ಕದ ಹಸಿರು ಕಾಡಿಗಿಂತ ಸುಟ್ಟ ಕಾಡಿನ ಹಿಮ ಬೇಗ ಕರಗುತ್ತದೆ. ಉತ್ತರ ಗೋಳಾರ್ಧದಲ್ಲಿ ರಿಡ್ಜ್‌ನ ದಕ್ಷಿಣ ಮಗ್ಗುಲು ಬರಿಮಣ್ಣಾಗಿ ಕೆಸರೆದ್ದಿದ್ದರೆ, ಉತ್ತರ ಮಗ್ಗುಲಲ್ಲಿ ತೊಡೆಯುದ್ದ ಹಿಮ ಇರಬಹುದು. ಒಂದೇ ದಿನದಲ್ಲಿ ಎರಡಕ್ಕೂ ತಯಾರಿರಬೇಕು.

ನಿಂತ ಸತ್ತ ಮರಗಳ ನಡುವೆ

ಸುಟ್ಟ ಕಾಡಿನಲ್ಲಿ ಹೆಚ್ಚು ಗಮನ ಬೇಡುವ ಭಾಗ ಇದೇ. ರಿಡ್ಜ್ ಮೇಲೆ ಗಂಟೆಗೆ 40 ಕಿ.ಮೀ.ಗಿಂತ ಜೋರಾದ ಗಾಳಿಯ ಬೀಸು ಮುನ್ಸೂಚನೆಯಲ್ಲಿದ್ದರೆ ಬೇರೆ ಜಾಗ ನೋಡಿ. ಹಾಗೆಂದು ಗಾಳಿಯಿಲ್ಲದ ದಿನ ಮರ ಬೀಳುವುದಿಲ್ಲ ಎಂದೇನಿಲ್ಲ. ರಾತ್ರಿ ಹೆಪ್ಪುಗಟ್ಟಿ ಬೇರನ್ನು ಹಿಡಿದಿದ್ದ ಮಣ್ಣು ಹಗಲಿಗೆ ಸಡಿಲವಾದಾಗ, ಎಲೆಯೂ ಅಲುಗದ ಮಧ್ಯಾಹ್ನದಲ್ಲೂ ಮರ ಉರುಳಬಹುದು.

ಮರವನ್ನು ಬುಡದಿಂದ ತುದಿಗೆ ಓದಿ. ಬುಡದಲ್ಲಿ ಗವಿಯಂತೆ ಸುಟ್ಟ ಟೊಳ್ಳು ಇದೆಯೇ? ಇಳಿಜಾರಿನಲ್ಲಿ ಇಂಥ ಗಾಯ ಹೆಚ್ಚಾಗಿ ಮರದ ಏರುಬದಿಗೆ ಇರುತ್ತದೆ. ಜ್ವಾಲೆ ಕಾಂಡವನ್ನು ಸುತ್ತಿ ಅಲ್ಲೇ ಹೆಚ್ಚು ಹೊತ್ತು ಉರಿದಿರುತ್ತದೆ. ಕೆಳಗಿನಿಂದ ಹತ್ತುವವರಿಗೆ ಆ ಬದಿ ಕಾಣುವುದೇ ಇಲ್ಲ. ಇಡೀ ಕಾಂಡ ಗಟ್ಟಿಯಾಗಿದೆ ಎಂದುಕೊಂಡು ಅದರಡಿಯೇ ಚೀಲ ಇಳಿಸುತ್ತಾರೆ. ಬುಡದ ಸುತ್ತ ಮಣ್ಣು ಬಿರುಕು ಬಿಟ್ಟು ಮೇಲೆದ್ದಿದ್ದರೆ ಬೇರು ಕಿತ್ತು ಬರುತ್ತಿದೆ. ಕಾಂಡದಲ್ಲಿ ಅಣಬೆಯ ತಟ್ಟೆಗಳಿದ್ದರೆ ಒಳಗೆ ಕೊಳೆತಿದೆ. ಮರಕುಟಿಗ ತೊಗಟೆ ಸುಲಿದು, ಕೆಳಗಿನ ಹಿಮದ ಮೇಲೆ ಹೊಸ ಚಕ್ಕೆಗಳನ್ನು ಉದುರಿಸಿದ್ದರೆ ತೊಗಟೆಯಡಿ ಹುಳುಗಳಿವೆ. (ಸುಟ್ಟ ಕಾಡು ಮರಕುಟಿಗಗಳಿಗೆ ಸುಗ್ಗಿ. ನೋಡಲು ಚೆನ್ನ, ಆದರೆ ದೂರದಿಂದ.) ಮುರಿದು ಕೊಂಬೆಯಲ್ಲಿ ಸಿಕ್ಕಿಕೊಂಡ ತುಂಡು, ಇನ್ನೊಂದು ಮರಕ್ಕೆ ಒರಗಿ ನಿಂತ ಮರ, ಇವುಗಳ ಕೆಳಗೆ ಹಾಯಲೇಬೇಡಿ.

ದಾಟುವ ಕ್ರಮ ಹೀಗಿರಲಿ. ಅಂಚಿನಲ್ಲಿ ನಿಂತು, ಮರ ಅತಿ ವಿರಳವಾದ ಗೆರೆಯನ್ನೂ ಮುಂದಿನ ಸುರಕ್ಷಿತ ತಾಣವನ್ನೂ ಕಣ್ಣಲ್ಲೇ ಗುರುತಿಸಿ. ಸದ್ದು ಕೇಳಿಸುವಂತೆ ಜಾಕೆಟ್ಟಿನ ಹುಡ್ ತೆಗೆಯಿರಿ, ಇಯರ್‌ಫೋನ್ ಕಿವಿಯಲ್ಲಿರಬಾರದು. ಒಬ್ಬರಿಂದೊಬ್ಬರು 25–30 ಹೆಜ್ಜೆ ಅಂತರ ಬಿಟ್ಟು, ನಡುವೆ ನಿಲ್ಲದೆ ಸಾಗಿ. ನೀರು, ತಿಂಡಿ, ಫೋಟೊ ಎಲ್ಲ ಬಯಲಲ್ಲಿ ಮಾತ್ರ. ಕೂರುವ ಜಾಗ ಹತ್ತಿರದ ಮರದ ಎತ್ತರದ ಒಂದೂವರೆ ಪಟ್ಟು ದೂರವಿರಲಿ. 25 ಮೀಟರ್ ಮರವಾದರೆ ಸುಮಾರು 38 ಮೀಟರ್. ಲಟಕ್ ಎಂಬ ಸದ್ದು ಬಂದರೆ ಕುರುಡಾಗಿ ಓಡಬೇಡಿ. ಮೊದಲು ಮೇಲೆ ನೋಡಿ, ಬೀಳುವ ದಿಕ್ಕಿಗೆ ಅಡ್ಡವಾಗಿ ಸರಿಯಿರಿ. ಒಂದು ಬಿದ್ದು ಪಕ್ಕದ್ದನ್ನೂ ಕೆಡವುವುದು ಸಾಮಾನ್ಯ. ಹೆಲ್ಮೆಟ್ ರೆಂಬೆಯ ಚೂರಿಗೆ ಸಾಕು, ಕಾಂಡಕ್ಕೆ ಅಲ್ಲ.

ಕಾಲಡಿ

ಬುಡ ಮತ್ತು ಬೇರು ಪೂರ್ತಿ ಸುಟ್ಟ ಕಡೆ ನೆಲದಲ್ಲಿ ಗುಳಿ, ಅದರಿಂದ ಹೊರಟ ಸುರಂಗಗಳು ಉಳಿದಿರುತ್ತವೆ. ಮೇಲೆ ಹಿಮದ ತೆಳು ಮುಚ್ಚಳ. ಇಡೀ ಕಾಲು ಒಳಗೆ ಹೋಗುವಷ್ಟು ಆಳ ಇರಬಹುದು. ದಿಮ್ಮಿಗಳ ಪಕ್ಕದಲ್ಲೂ ಇದೇ ಕಥೆ: ಕಪ್ಪು ಮರ ಬಿಸಿಲಿಗೆ ಕಾದು ಸುತ್ತಲಿನ ಹಿಮವನ್ನು ಒಳಗಿಂದ ಕರಗಿಸಿರುತ್ತದೆ. ಆದ್ದರಿಂದ ದಿಮ್ಮಿ, ಬೊಡ್ಡೆ, ಕಾಂಡಗಳಿಗೆ ಅರ್ಧ ಮೀಟರ್ ದೂರ ಹೆಜ್ಜೆಯಿಡಿ, ಅನುಮಾನವಿದ್ದಲ್ಲಿ ಕೋಲಿನಿಂದ ಚುಚ್ಚಿ ನೋಡಿ. ದಿಮ್ಮಿಯ ಮೇಲೆ ಕಾಲಿಟ್ಟು ನಡೆಯುವ ಚಟ ಬೇಡ. ಸುಟ್ಟ ತೊಗಟೆ ಸಿಪ್ಪೆಯಾಗಿ ಜಾರುತ್ತದೆ. ಕಾಲು ಸಿಕ್ಕಿಕೊಂಡರೆ ಎಳೆಯಬೇಡಿ, ಮೊಣಕಾಲು ತಿರುಚುವುದು ಆಗಲೇ. ಚೀಲ ಇಳಿಸಿ, ಕೈಯಿಂದ ಹಿಮ ತೋಡಿ ಬಿಡಿಸಿಕೊಳ್ಳಿ. ಕೋಲಿನ ಪಟ್ಟಿಯೊಳಗೆ ಮಣಿಕಟ್ಟು ತೂರಿಸದಿದ್ದರೆ ಬೀಳುವಾಗ ಕೈಯಾದರೂ ಉಳಿಯುತ್ತದೆ.

ಮೈಕ್ರೋಸ್ಪೈಕ್ (ಬೂಟಿಗೆ ತೊಡಿಸುವ ಸಣ್ಣ ಮುಳ್ಳಿನ ಸರಪಳಿ) ಬೆಳಗಿನ ಗಟ್ಟಿ ಹಿಮಕ್ಕೆ. ಕಡಿದಾದ, ಜಾರಿದರೆ ನಿಲ್ಲಲಾಗದ ಜಾಗಕ್ಕೆ ಅದು ಸಾಲದು. ಅಲ್ಲಿ ಕ್ರಾಂಪನ್ (ಬೂಟಿಗೆ ಬಿಗಿಯುವ ಉದ್ದ ಮುಳ್ಳಿನ ಚೌಕಟ್ಟು), ಐಸ್ ಆಕ್ಸ್ (ಹಿಮಕ್ಕೆ ಊರುವ ಕೊಡಲಿ) ಮತ್ತು ಅವನ್ನು ಬಳಸುವ ಅಭ್ಯಾಸ ಬೇಕು. ಬೂಟಿನ ಬಾಯಿ ಮುಚ್ಚುವ ಕಾಲುಪಟ್ಟಿ, ಅಂದರೆ ಗೇಟರ್, ಹಿಮಕ್ಕೂ ಬೇಕು, ಬೂದಿಗೂ ಬೇಕು.

ಇಳಿಜಾರು, ಕಾರ್ನಿಸ್

ಹಳೆಯ ನಕ್ಷೆಯ ಹಸಿರು ಬಣ್ಣ ನಂಬಬೇಡಿ. ದಟ್ಟ ಜೀವಂತ ಕಾಡು ಹಿಮಪದರವನ್ನು ಹಿಡಿದಿಡುತ್ತದೆ. ಅದು ಸುಟ್ಟು ವಿರಳವಾದರೆ, ಹಿಂದೆಂದೂ ಹಿಮ ಕುಸಿಯದ ಇಳಿಜಾರೂ ಕುಸಿಯಬಹುದು. ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಶುರುವಾಗುತ್ತವೆ. ಫೋನಿನ ಕೋನಮಾಪಕವನ್ನು ಕೋಲಿನ ಮೇಲಿಟ್ಟು ಅಳೆಯಿರಿ, ಆ ದಿನದ ಹಿಮಕುಸಿತ ಸೂಚನೆ ಓದಿ. ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ ಬಿಸಿಲಿನ ಮಗ್ಗುಲನ್ನು ಕೂಡಲೇ ಬಿಡಿ.

ರಿಡ್ಜ್‌ನ ಗಾಳಿಮರೆಯ ಅಂಚಿನಲ್ಲಿ ಹಿಮ ಸೂರಿನಂತೆ ಶೂನ್ಯಕ್ಕೆ ಚಾಚಿರುತ್ತದೆ. ಇದೇ ಕಾರ್ನಿಸ್. ಮೇಲೆ ನಿಂತವರಿಗೆ ಅದು ನೆಲದಂತೆಯೇ ಕಾಣುತ್ತದೆ, ಮುರಿಯುವಾಗ ಊಹಿಸಿದ್ದಕ್ಕಿಂತ ಬಹಳ ಹಿಂದಿನಿಂದ ಮುರಿಯುತ್ತದೆ. ಬಂಡೆ ಅಥವಾ ಮೋಟು ಬೊಡ್ಡೆಗಳು ಕಾಣುವ ಗೆರೆ ನಿಜವಾದ ನೆಲ. ಅದರಿಂದ ಗಾಳಿ ಬೀಸಿ ಬರುವ ಬದಿಗೆ ಸರಿದೇ ನಡೆಯಿರಿ.

ಮೈ, ನೀರು

ಶೂನ್ಯಕ್ಕಿಂತ 5 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಮೈಗೆ ತಟ್ಟುವುದು ಶೂನ್ಯಕ್ಕಿಂತ 14 ಡಿಗ್ರಿ ಕೆಳಗಿನ ಚಳಿ. ಗಾಳಿ ತಡೆಯುವ ಜಾಕೆಟ್ ಚೀಲದ ಮೇಲ್ಭಾಗದಲ್ಲೇ ಇರಲಿ. ಜತೆಗೆ ಕಡುಗಪ್ಪು ತಂಪುಕನ್ನಡಕ, ಸನ್‌ಸ್ಕ್ರೀನ್. ಹಿಮದಿಂದ ಬೆಳಕು ಕೆಳಗಿನಿಂದಲೂ ಬರುವುದರಿಂದ ಮೂಗಿನಡಿ, ಗದ್ದದಡಿಯೂ ಹಚ್ಚಿ.

ನೆರಳಿಲ್ಲದ ದಿನಕ್ಕೆ ತಲಾ ಮೂರು ಲೀಟರ್ ನೀರು ಹೊತ್ತೊಯ್ಯುವುದೇ ಸರಳ. ಬೂದಿ ಸೇರಿದ ತೊರೆಯ ನೀರು ಫಿಲ್ಟರನ್ನು ಬೇಗ ಕಟ್ಟಿಸುತ್ತದೆ, ಕುದಿಸಿದರೂ ಬೂದಿ ಹೋಗುವುದಿಲ್ಲ. ಬೇರೆ ದಾರಿಯಿಲ್ಲದಿದ್ದರೆ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರ್. ಟೊಳ್ಳುನಾರಿನ ಫಿಲ್ಟರನ್ನು ಜಾಕೆಟ್ಟಿನೊಳಗಿಡಿ. ಒಮ್ಮೆ ಹೆಪ್ಪುಗಟ್ಟಿದರೆ ನಾರು ಸೀಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಹಿಮ ಕರಗಿಸುವುದಾದರೆ ಬಿಳಿಯದನ್ನೇ ಆರಿಸಿ, ಪಾತ್ರೆಗೆ ಮೊದಲು ಸ್ವಲ್ಪ ನೀರು ಹಾಕಿ.

ಇಳಿಯುವಾಗ

ಏರುವಾಗ ಕವಲು ಏಣುಗಳೆಲ್ಲ ಒಂದೇ ನೆತ್ತಿಗೆ ಸೇರುತ್ತವೆ. ಇಳಿಯುವಾಗ ಅವೇ ಕವಲೊಡೆಯುತ್ತವೆ, ದಾರಿ ತಪ್ಪುವುದು ಇಲ್ಲೇ. ಸುಟ್ಟ ಕಾಡಿನಲ್ಲಿ ದಾರಿಫಲಕ, ಮರದ ಮೇಲಿನ ಗುರುತು ಎಲ್ಲ ಸುಟ್ಟುಹೋಗಿರುತ್ತವೆ, ಎಲ್ಲ ಕವಲೂ ಒಂದೇ ಥರ ಕಪ್ಪುಬಿಳುಪು. ಹತ್ತುವಾಗಲೇ ಪ್ರತಿ ಕವಲಲ್ಲೂ ತಿರುಗಿ ನೋಡಿ, ಜಿಪಿಎಸ್‌ನಲ್ಲಿ ಗುರುತು ಹಾಕಿ, ಇಳಿಯುವ ದಿಕ್ಕಿನ ಕಂಪಾಸ್ ಡಿಗ್ರಿಯನ್ನು ಕಾಗದದ ನಕ್ಷೆಯ ಮೇಲೆ ಬರೆದುಕೊಳ್ಳಿ. ಚಳಿಗೆ ಫೋನಿನ ಬ್ಯಾಟರಿ ಬೇಗ ಕೂರುತ್ತದೆ, ಒಳಜೇಬಿನಲ್ಲಿಡಿ. ಬೆಳಗ್ಗೆ ನಿಮ್ಮನ್ನು ಹೊತ್ತ ಹಿಮ ಸಂಜೆ ಮೊಣಕಾಲವರೆಗೆ ಹೂತರೆ ಬಿಸಿಲು ಬೀಳದ, ಕಡಿದಲ್ಲದ ಅಂಚು ಹುಡುಕಿ, ಸುತ್ತಾದರೂ ಸರಿ.

ಕೆಳಗಿಳಿದ ಮೇಲೆ ಬೂಟಿನ ಅಟ್ಟೆ, ಗೇಟರ್, ಕೋಲಿನ ತುದಿಗಳನ್ನು ಅಲ್ಲೇ ಬ್ರಷ್‌ನಿಂದ ತಿಕ್ಕಿ. ಸುಟ್ಟ ನೆಲದಲ್ಲಿ ಕಳೆಗಿಡಗಳು ಬಹಳ ಬೇಗ ಬೇರೂರುತ್ತವೆ, ಅವುಗಳ ಬೀಜ ಕೆಸರಿನ ಜತೆ ಮುಂದಿನ ಬೆಟ್ಟಕ್ಕೂ ಹೋಗುತ್ತದೆ. ದಾರಿಗೆ ಅಡ್ಡ ಬಿದ್ದ ಹೊಸ ಮರಗಳನ್ನು ಕಂಡಿದ್ದರೆ ಜಾಗದ ಗುರುತಿನೊಂದಿಗೆ ಅರಣ್ಯ ಅಥವಾ ಉದ್ಯಾನ ಕಚೇರಿಗೆ ತಿಳಿಸಿ.